ಡಿಕ್ಕಿಗೆ ಹೋದ ಬ್ಯಾಟರಿ

“ಇನ್ನೊಂಚೂರು ತಳ್ಳಿ ಭಾವ, ತುದಿ ಕಾಣಿಸ್ತಾ ಇದೆ!”

ಡಿಕ್ಕಿಯೊಳಗಿಂದ ಭಾಮೈದ ಕೂಗಿದ. ಕಾರಿನೊಳಗೆ ಮೊಣಕಾಲೂರಿ, ಹಿಂದಿನ ಸೀಟಿನಡಿಗೆ ತಲೆ ತೂರಿಸಿದ್ದ ಟೈಲರ್, ಹೆಬ್ಬೆರಳು ದಪ್ಪದ ಕೇಬಲ್ಲನ್ನು ಪೈಜಾಮಕ್ಕೆ ಲಾಡಿ ಪೋಣಿಸುವ ಹಾಗೆ ಗೇಣುಗೇಣಾಗಿ ಮುಂದೆ ತಳ್ಳಿದ.

ಕಾರಿಗೂ ಅವನಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಅದರ ಬ್ಯಾಟರಿ ಇದ್ದದ್ದು ಮುಂದೆ, ಡ್ರೈವರ್ ಪಕ್ಕದ ಸೀಟಿನ ಕೆಳಗೆ, ಒಂದು ಮರದ ಮುಚ್ಚಳದಡಿ. ಆ ಸೀಟು ಅವನ ಹೆಂಡತಿಯದು. ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವಳು. ಅವಳು ಗಂಟಲು ಸರಿಮಾಡಿಕೊಂಡರೆ ಬೀದಿನಾಯಿಗಳೂ ಸಾಲಾಗಿ ನಿಲ್ಲುತ್ತವೆ ಅಂತ ಅವನೇ ತಮಾಷೆ ಮಾಡುತ್ತಿದ್ದ. ಬೇಸಿಗೆಯಲ್ಲಿ ಹೊಟ್ಟೆಯ ಆಪರೇಷನ್ ಆಗಿ ಮನೆಗೆ ಬಂದಮೇಲೆ ಅವಳು ಹಿಂದೆ ಕೂರತೊಡಗಿದಳು. ಯಾಕೆಂದು ಅವಳು ಹೇಳಲಿಲ್ಲ. ಕೇಳಲು ಅವನಿಗೆ ಬಾಯಿ ಬರಲಿಲ್ಲ. ಆಸ್ಪತ್ರೆಗೆ ಹೋಗಿಬರುವ ದಾರಿಯುದ್ದಕ್ಕೂ ಪಕ್ಕದ ಖಾಲಿ ಸೀಟೇ ಅವನ ಕಣ್ಣಿಗೆ ಬೀಳುತ್ತಿತ್ತು. ಒಂದು ದಿನ ಬ್ಯಾಟರಿಯ ಆಸಿಡ್ ಘಾಟು ಮೂಗಿಗೆ ಬಡಿದಾಗ, ಇದೇ ಇರಬೇಕು ಅನ್ನಿಸಿತು. ಮಾತ್ರೆ ನುಂಗಿ ನುಂಗಿ ಬೇಸತ್ತ ಹೊಟ್ಟೆಗೆ ಈ ವಾಸನೆ ಹೇಗೆ ಹಿಡಿಸೀತು? ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸಲು, ಆಟೋ ಎಲೆಕ್ಟ್ರಿಷಿಯನ್ ಆಗಿರುವ ಅವಳ ತಮ್ಮನನ್ನು ಕರೆಸಿದ್ದ.

ಕೇಬಲ್ಲಿಗೆ ತೂತು ಕೊರೆಯುವ ಜಾಗಕ್ಕೆ ಟೈಲರ್ ಬಟ್ಟೆ ಗುರುತು ಮಾಡುವ ಚಾಕಿನಲ್ಲೇ ಗೆರೆ ಎಳೆದಿದ್ದ. ತಗಡಿನ ಅಂಚು ಕೇಬಲ್ಲನ್ನು ಕೊಯ್ಯದಿರಲಿ ಅಂತ ಭಾಮೈದ ತೂತಿಗೊಂದು ರಬ್ಬರ್ ಬಳೆ ಕೂರಿಸಿದ್ದ. ಕೇಬಲ್ ತೂರಿದ ಮೇಲೆ, ಘಾಟು ಹೊರಗೆ ಹೋಗಲು ಸಣ್ಣ ಪೈಪು ಇಳಿಬಿಟ್ಟ. ಆಮೇಲೆ ಇಬ್ಬರೂ ಸೇರಿ ಬ್ಯಾಟರಿಯನ್ನು ಹಸುಗೂಸಿನಂತೆ ಎತ್ತಿ ಡಿಕ್ಕಿಯ ಮೂಲೆಯಲ್ಲಿಟ್ಟು ಪಟ್ಟಿ ಬಿಗಿದರು.

“ಭಾರ ಹಿಂದಕ್ಕೆ ಹೋಯ್ತು. ಇನ್ನು ಗಾಡಿ ವಾಲಲ್ಲ,” ಎಂದ ಭಾಮೈದ.

“ಯಾರ ಭಾರದ ಮಾತು ಅದು?” ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

“ಬ್ಯಾಟರಿದು ಅಕ್ಕಾ, ಬ್ಯಾಟರಿದು!”

ಅವಳು ನಕ್ಕು, ಹೊಟ್ಟೆಗೆ ಅಂಗೈ ಒತ್ತಿಕೊಂಡು, ಆಸ್ಪತ್ರೆಗೆ ಹೊರಡಲು ಮೆಟ್ಟಿಲಿಳಿದಳು. ಟೈಲರ್ ಕೈ ಒರೆಸಿಕೊಂಡು ಮುಂದಿನ ಬಾಗಿಲು ತೆರೆದು ಹಿಡಿದ. ಅವಳು ಹಿಂದಿನ ಬಾಗಿಲಿಗೆ ಕೈ ಹಾಕಿದಳು.

“ಈಗ ವಾಸನೆ ಇಲ್ಲ ಕಣೇ. ಒಂಚೂರೂ ಇಲ್ಲ.”

“ಯಾವ ವಾಸನೆ?”

“ಆಸಿಡ್ ವಾಸನೆ. ಅದಕ್ಕೇ ತಾನೇ ನೀನು ಹಿಂದೆ...”

ಅವಳು ಅವನನ್ನೂ ಖಾಲಿ ಸೀಟನ್ನೂ ನೋಡಿದಳು. ದನಿ ತಗ್ಗಿತು. “ಅಯ್ಯೋ ನಿಮ್ಮ... ಅದಕ್ಕಲ್ಲ ರೀ. ಆಪರೇಷನ್ ಆದ್ಮೇಲೆ ನೀವು ರಸ್ತೆನೇ ನೋಡಲ್ಲ, ನನ್ನ ಮುಖ ನೋಡ್ತೀರಾ. ಒಂದೊಂದು ಗುಂಡಿಗೂ ನೋಯ್ತಾ, ನೋಯ್ತಾ ಅಂತ. ನಿಮಗೋಸ್ಕರ ನಗ್ತಾ ಕೂತು ಸಾಕಾಗೋಯ್ತು. ಹಿಂದೆ ಕೂತ್ರೆ ನೋವಾದಾಗ ಮುಖ ಕಿವುಚೋಕಾದ್ರೂ ಆಗತ್ತೆ.”

ಭಾಮೈದ ಡಿಕ್ಕಿಯೊಳಗೆ ತಲೆ ಹಾಕಿ, ಬಿಗಿಯಾಗಿದ್ದ ಬೋಲ್ಟನ್ನೇ ಮತ್ತೆ ಬಿಗಿಮಾಡತೊಡಗಿದ.

ಟೈಲರ್ ಬಾಗಿಲು ಬಿಡಲಿಲ್ಲ. “ನೋಡಲ್ಲ,” ಎಂದ.

“ನಿಮ್ಮ ಕೈಲಾಗಲ್ಲ.”

“ಆಗತ್ತೆ. ಕಿವುಚ್ಕೋ ನೀನು. ಎಷ್ಟು ಬೇಕಾದ್ರೂ ಕಿವುಚ್ಕೋ.”

ಅವಳು ಹಿಂದಿನ ಬಾಗಿಲಿನಿಂದ ಕೈ ತೆಗೆದಳು. ಆಮೇಲೆ ಮೆಲ್ಲಗೆ ಬಗ್ಗಿ ಮುಂದಿನ ಸೀಟಿನಲ್ಲಿ ಕೂತಳು.

ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಮಾರ್ಕೆಟ್ಟಿನ ತಿರುವಿನಲ್ಲಿ ರಸ್ತೆ ಅಗೆದು ಹಾಗೇ ಬಿಟ್ಟಿದ್ದರು. ಚಕ್ರ ಇಳಿದು ಏರಿದಾಗ ಪಕ್ಕದಿಂದ ಹಲ್ಲು ಕಚ್ಚಿ ಉಸಿರೆಳೆದ ಸದ್ದು ಕೇಳಿತು. ಟೈಲರ್‌ನ ಕತ್ತು ಅತ್ತ ತಿರುಗಲು ಹೋಗಿ ನಿಂತಿತು. ಸ್ಟಿಯರಿಂಗ್ ಗಟ್ಟಿ ಹಿಡಿದು ಎದುರಿನ ಲಾರಿಯ ನಂಬರನ್ನೇ ನೋಡಿದ. ಕಣ್ಣು ಮಂಜಾಗಿ ಅಂಕಿಗಳು ಒಂದಕ್ಕೊಂದು ಕಲಸಿಹೋದವು.

“ಈಗ ಚೆನ್ನಾಗಿ ಕಿವುಚಿದೆ,” ಎಂದಳು ಅವಳು.

“ಗೊತ್ತಾಗಲಿಲ್ಲ,” ಎಂದ.

ಗೇರಿನ ಮೇಲಿದ್ದ ಅವನ ಕೈ ಮೇಲೆ ಅವಳ ಅಂಗೈ ಬಂದು ಕೂತಿತು. ಮುಂದೆ ರಸ್ತೆ ಅಗಲವಾಗಿ, ನುಣ್ಣಗೆ, ಖಾಲಿಯಾಗಿತ್ತು. ಮೂರನೇ ಗೇರಿಗೆ ಹಾಕಬೇಕಿತ್ತು. ಅವನು ಕೈ ಅಲುಗಿಸಲಿಲ್ಲ. ಎರಡನೇ ಗೇರಿನಲ್ಲೇ ಗೊರಗುಟ್ಟುತ್ತಾ ಕಾರು ಬೀದಿಯ ಕೊನೆಯವರೆಗೂ ಹೋಯಿತು.