ಮೊದಲ ತಿಂಗಳ ಫೋಟೋ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲ ಸುತ್ತಿ ಬನ್ನಿ, ಕುಕನೂರಿನ ಈ ಕಳಕೇಶನಂಥ ಫೋಟೋಗ್ರಾಫರ್ ಸಿಕ್ಕರೆ ನನ್ನ ಮೀಸೆ ಬೋಳಿಸಿ. ನಾನು ಎಮ್ಮೆಯ ಫೋಟೋ ತೆಗೆದರೆ ಆಕಳಾಗಿ ಬರುತ್ತಿತ್ತು. ಹಿಟ್ನಾಳದ ಅಜ್ಜನೊಬ್ಬ ತನ್ನದೇ ಫೋಟೋ ನೋಡಿ, “ಈ ಹುಡುಗಗ ಕನ್ಯಾ ನೋಡೀರೇನು?” ಅಂದಿದ್ದ. ಸುಳ್ಳು ಅನ್ನಿಸಿದರೆ ಆ ಎಮ್ಮೆಯನ್ನೇ ಕೇಳಿ.

ನಮ್ಮ ಓಣಿಯ ನಜೀರಸಾಬನ ಮಗಳು ಖುಷ್ಬು ಶಾಲೆಯಲ್ಲಿ ಒಂದನೇ ಇಯತ್ತೆಯ ಮಕ್ಕಳಿಗೆ ಕಲಿಸುತ್ತಿದ್ದಳು. ಕಪ್ಪು ಹುಡುಗಿ, ಕಣ್ಣು ಭಾಳ ಚೆಂದ. ಕೆನ್ನೆ ತುಂಬ ಮೊಡವೆ, ಒಣಗಿದಲ್ಲೆಲ್ಲ ಇನ್ನೂ ಕಪ್ಪನೆಯ ಕಲೆ. ಫೋಟೋ ತೆಗೆಸಲು ಬಂದಳು. ವರನ ಕಡೆಯವರಿಗೆ ಕಳಿಸಲಿಕ್ಕಿರಬೇಕು ಅಂದುಕೊಂಡೆ. ಕಂಪ್ಯೂಟರಿನಲ್ಲಿ ಅರ್ಧ ಕಲೆ ಒರೆಸಿದೆ. ಪೂರಾ ಒರೆಸುವವರು ಕಲಿಯುವ ಹುಡುಗರು. ಯಾರಿಗೂ ಗೊತ್ತಾಗದಂತೆ ಅರ್ಧ ಒರೆಸುವವನು ಉಸ್ತಾದ.

ಮರುತಿಂಗಳು ಮತ್ತೆ ಬಂದಳು.

“ಕಾಕಾ, ಇದ್ದದ್ದು ಇದ್ದಂಗ ತೆಗೀರಿ. ಕೊಪ್ಪಳದ ಡಾಕ್ಟರಮ್ಮ ಹೇಳ್ಯಾರ, ನಮ್ಮಂಥ ಬಣ್ಣದವರಿಗೆ ಮೊಡವಿ ಹೋದ್ರೂ ಕಲೆ ಹೋಗಾಕ ಭಾಳ ತಿಂಗಳು ಬೇಕಂತ. ದಿನಾ ಕನ್ನಡಿ ನೋಡಿದ್ರ ಗೊತ್ತಾಗಂಗಿಲ್ಲ, ತಿಂಗಳಿಗೊಂದು ಫೋಟೋ ಇಟ್ಟು ನೋಡು ಅಂದಾರ. ಮೊಬೈಲ್ ತಾನಾಗೇ ಬೆಳ್ಳಗ ಮಾಡತೈತಿ. ಹೋದ ತಿಂಗಳಿಂದು ನೀವೇನೂ ಒರಸಿಲ್ಲ ಹೌದಿಲ್ರಿ?”

“ನನ್ನ ಮ್ಯಾಲೇ ಸಂಶಯಾನ? ಹೇಮಗುಡ್ಡದ ದುರ್ಗಮ್ಮನ ಆಣಿ, ಮುಟ್ಟಿಲ್ಲ!”

ಆಮೇಲಿನ ಫೋಟೋಗಳನ್ನು ನಿಜವಾಗಿಯೂ ಮುಟ್ಟಲಿಲ್ಲ. ನಾಲ್ಕನೇ ತಿಂಗಳು ಅವಳು ಮೊದಲನೆಯದನ್ನೂ ಹೊಸದನ್ನೂ ನನ್ನ ಮೇಜಿನ ಮೇಲೆ ಜೋಡಿಸಿಟ್ಟಳು.

“ಮುಲಾಮು ತಪ್ಪಿಸಿಲ್ಲ, ಬಿಸಲಿನ ಕ್ರೀಮು ಬಿಟ್ಟಿಲ್ಲ, ಒಂದು ಮೊಡವಿ ಚಿವುಟಿಲ್ಲ. ಕಲೆ ಹೆಚ್ಚೇ ಆಗ್ಯಾವ ನೋಡ್ರಿ. ಟೀಚರ್ ಮಾರಿಗೆ ಮಸಿ ಹತ್ತೈತಿ ಅಂತಾವ ಹುಡುಗ್ರು.”

“ಬೆಳಕಿನ ಫರಕು ಇರಬೇಕವ್ವ.”

“ಬೆಳಕು ನಿಮ್ಮದಽ ಅಲ್ಲೇನ್ರಿ?”

ಅಲ್ಲೇ ಹೇಳಬೇಕಿತ್ತು. ದುರ್ಗಮ್ಮನಿಗೆ ಹೆದರಿ ಅಲ್ಲ, ಸಣ್ಣವನಾಗುತ್ತೇನೆಂದು ಹೆದರಿ ದೀಪ ಸರಿಮಾಡುವ ನೆಪ ಹೂಡಿದೆ.

ಅವಳು ಡಾಕ್ಟರ ಔಷಧ ಬಿಟ್ಟಳು. ವಾರದಲ್ಲಿ ಬೆಳ್ಳಗಾಗುತ್ತೆ ಎಂದು ಯಾರೋ ಸಂತೆಯಲ್ಲಿ ಮಾರುತ್ತಿದ್ದ ಟ್ಯೂಬು ಹಚ್ಚಿದಳು. ಹತ್ತು ದಿನ ಮುಖ ಹೊಳೆಯಿತು. ಆಮೇಲೆ ಉರಿ ಹತ್ತಿ ಸಿಪ್ಪೆ ಎದ್ದಿತು. ಮೊಡವೆ ಮೊದಲಿಗಿಂತ ದಪ್ಪಗೆ ಬಂದು, ಹೋದಲ್ಲೆಲ್ಲ ದೊಡ್ಡ ಕರಿ ಕಲೆ ಬಿತ್ತು. ಶಾಲೆಗೆ ಹೋಗುವುದನ್ನೇ ಬಿಟ್ಟಳು.

ಇದು ತಿಳಿದ ದಿನ ಒರೆಸದೆ ಉಳಿದಿದ್ದ ಮೊದಲ ಫೋಟೋ ಹುಡುಕಿ ತೆಗೆದೆ. ಅದರ ಪಕ್ಕ ಇಟ್ಟು ನೋಡಿದರೆ ನಾಲ್ಕನೇ ತಿಂಗಳಿನದರಲ್ಲಿ ಮೂರರಲ್ಲೊಂದು ಪಾಲು ಕಲೆ ಮಾಯವಾಗಿದ್ದವು. ಎರಡನ್ನೂ ಹಿಡಿದು ಅವಳ ಮನೆಗೆ ಹೋಗಿ ಇದ್ದದ್ದೆಲ್ಲ ಒಪ್ಪಿಕೊಂಡೆ. ಬೈಯುತ್ತಾಳೆ ಅಂದುಕೊಂಡಿದ್ದೆ.

ಖುಷ್ಬು ಫೋಟೋದ ಕೆನ್ನೆಯ ಮೇಲೆ ಬೆರಳಿಟ್ಟಳು. “ಇಲ್ಲಿಂದು ಪೂರಾ ಹೋಗಿತ್ತಲ್ರಿ, ಕಾಕಾ.”

“ಹೌದವ್ವ. ನಡಿ, ಮತ್ತ ಡಾಕ್ಟರಮ್ಮನ ಕಡೆ ನಾನೇ ಕರಕೊಂಡು ಹೋಗ್ತೇನಿ.”

“ಅಪ್ಪಾ ನಿನ್ನೆ ಕರಕೊಂಡು ಹೋಗಿದ್ರು. ಮೊದಲು ಈ ಸುಟ್ಟದ್ದು ಮಾಯಬೇಕಂತ. ಕಲೆ ಹೋಗಾಕ ವರ್ಷದ ಮ್ಯಾಲೆ ಆಗತೈತಂತ.”

ಒಳಗೆ ಹೋಗಿ ಚಹಾ ತಂದಳು. ಕಪ್ ಕೊಡುವಾಗಲೂ ಮುಖಕ್ಕೆ ಸುತ್ತಿದ ದುಪಟ್ಟಾ ಕಣ್ಣಿನ ಕೆಳಗೇ ಬಿಗಿದಿತ್ತು.

“ಮನಿಯಾಗರೆ ತಗಿಯವ್ವ,” ಅಂದೆ.

“ರೂಢಿ ಆಗೈತ್ರಿ,” ಅಂದಳು.