ಟೈಲರ್ ಮಗಳ ಆಟದ ಪ್ಯಾಂಟು

ಒಂದು ಪೀರಿಯಡ್ ಹೆಚ್ಚು ಓದಿದರೆ ಅಂಕವೂ ಹೆಚ್ಚಬೇಕಲ್ಲವೇ? ಇಳಿದದ್ದು ಹೇಗೆ? ಲೆಕ್ಕ ಎಲ್ಲಿ ತಪ್ಪಿತು? ಟೈಲರ್ ಪೆಡಲ್ ತುಳಿಯುತ್ತಲೇ ಯೋಚಿಸುತ್ತಿದ್ದ. ಹತ್ತನೇ ತರಗತಿಯ ಮಗಳನ್ನು ಆಟದ ಪೀರಿಯಡ್‌ನಿಂದ ಬಿಡಿಸಿ ಗಣಿತಕ್ಕೆ ಕೂರಿಸಿ ಎಂದು ಶಾಲೆಗೆ ಹೋಗಿ ಕೇಳಿಕೊಂಡವನು ಅವನೇ. ಈಗ ಗಣಿತದಲ್ಲೇ ಅವಳು ಫೇಲು. ಮನೆಯಲ್ಲಿ ಅವಳದು ಮಾತೇ ಇಲ್ಲ. ಪುಸ್ತಕ ತೆರೆದಿರುತ್ತದೆ, ಹಾಳೆ ಮಗುಚುವುದಿಲ್ಲ. ಊಟಕ್ಕೆ ಕರೆದರೆ ಕೇಳಿಸುವುದಿಲ್ಲ.

“ಮೊಬೈಲ್ ಚಟ ಇರಬೇಕು,” ಎಂದ.

“ಮನೇಲಿರೋದೇ ಒಂದು ಮೊಬೈಲು. ಅದೂ ನಿಮ್ಮ ಕಿವಿಗೇ ಅಂಟಿರುತ್ತೆ,” ಎಂದಳು ಗುಂಡಿ ಹಚ್ಚುತ್ತಿದ್ದ ಹೆಂಡತಿ.

ಆ ಸಂಜೆ ಶಾಲೆಯ ಆಟದ ಶಿಕ್ಷಕಿ ಅಂಗಡಿಗೆ ಬಂದರು. ಮಕ್ಕಳ ಬಾಯಲ್ಲಿ ಅವರು ಸೀಟಿ ಮೇಡಂ. ಕೈಯಲ್ಲಿ ಒಂದು ನೀಲಿ ಪ್ಯಾಂಟು.

“ನೀವೇ ಹೊಲಿದದ್ದು ಇದು. ಬೇರೆ ಯಾರಿಗಾದ್ರೂ ಕೊಡಿ ಮೇಡಂ, ನನಗಿನ್ನು ಬೇಡ ಅಂತ ನಿಮ್ಮ ಮಗಳು ಕೊಟ್ಟು ಹೋದಳು. ಅಳಲೂ ಇಲ್ಲ. ಅದಕ್ಕೇ ನನಗೆ ಭಯ ಆಯ್ತು.”

“ಒಳ್ಳೇದೇ ಆಯ್ತಲ್ಲ. ಕುಣಿದಾಡಿದ್ರೆ ಅಂಕ ಬರುತ್ತಾ?”

“ಕೂತೇ ಇದ್ರೆ ಬಂತಾ ಅಣ್ಣಾ? ಮೈ ಆಡಿದ್ರೆ ಗಮನ ನಿಲ್ಲುತ್ತೆ, ಓದಿದ್ದು ನೆನಪಲ್ಲಿ ಉಳಿಯುತ್ತೆ, ನಿದ್ದೆ ಬರುತ್ತೆ. ಈ ವಯಸ್ಸಲ್ಲಿ ಸಿಟ್ಟು, ಭಯ, ದುಃಖ ಎಲ್ಲ ಒಟ್ಟಿಗೇ ಉಕ್ಕಿ ಬರುತ್ತೆ. ಅದು ಹೊರಗೆ ಹೋಗೋಕೆ ಒಂದು ದಾರಿ ಬೇಡ್ವಾ? ಬಿದ್ದು ಏಳೋದು, ಸೋತವಳ ಹೆಗಲ ಮೇಲೆ ಕೈ ಹಾಕೋದು, ಇದನ್ನೆಲ್ಲ ಮಕ್ಕಳು ಕಲಿಯೋದು ಮೈದಾನದಲ್ಲೇ.”

“ನಾನೂ ದಿನವಿಡೀ ಕೂತೇ ಇರ್ತೀನಿ. ನನಗೇನಾಗಿದೆ?”

“ಸಿಡುಕು,” ಎಂದಳು ಹೆಂಡತಿ, ದಾರ ಕಚ್ಚಿ ತುಂಡರಿಸುತ್ತ.

ಮೇಡಂ ಪ್ಯಾಂಟಿನ ಕಾಲನ್ನು ತಿರುವಿ ತೋರಿಸಿದರು. “ಇಷ್ಟೊಂದು ಬಟ್ಟೆ ಯಾಕೆ ಒಳಗೆ ಮಡಚಿದ್ದೀರಿ?”

“ಬೆಳೆಯೋ ಮಕ್ಕಳಲ್ವಾ? ಗಿಡ್ಡ ಆದಾಗ ಬಿಚ್ಚಿ ಉದ್ದ ಮಾಡೋಕೆ. ದಂಡ ಅಂತ ಇದನ್ನ ಕತ್ತರಿಸಿಬಿಟ್ರೆ...”

ಅವನ ಕಾಲು ಪೆಡಲ್ ಮೇಲೆ ನಿಂತಿತು. ಮಗಳ ದಿನದಲ್ಲಿ ತಾನು ದಂಡವೆಂದು ಕತ್ತರಿಸಿ ಹಾಕಿದ ಆಟವೂ ಅಂಥದ್ದೇ. ಮೇಡಂ ಪ್ಯಾಂಟನ್ನು ಮೆಷಿನ್ ಮೇಲಿಟ್ಟರು.

ಹೊರಡುವಾಗ ಅವರು ಹೇಳಿದರು: “ನಾಳೆಯಿಂದ ಆಟಕ್ಕೆ ಕಳಿಸಿ. ಆದ್ರೆ ಆಟ ಮಂತ್ರ ಅಲ್ಲ, ನಿಧಾನ ಆಗುತ್ತೆ. ಮಂಕು ಹೀಗೇ ಇದ್ರೆ ಡಾಕ್ಟರ್ ಹತ್ರಾನೂ ಕರ್ಕೊಂಡು ಹೋಗಬೇಕು. ನಾಚಿಕೆ ಬೇಡ.”

ಟೈಲರ್ ಮಡಿಕೆ ಬಿಚ್ಚಿ ಪ್ಯಾಂಟು ಉದ್ದ ಮಾಡಿದ. ಮಗಳು ಹಾಕಿಕೊಂಡು ಹೋದಳು. ಅರ್ಧ ಸುತ್ತು ಓಡುವಷ್ಟರಲ್ಲಿ ಏದುಸಿರು ಬಂದು ಕೂತಳಂತೆ. ರಿಲೇ ಓಟದ ತಂಡದಲ್ಲಿದ್ದ ಅವಳ ಜಾಗ ಆಗಲೇ ಬೇರೆಯವಳದಾಗಿತ್ತು.

“ಹೇಗಿತ್ತು ಪುಟ್ಟಿ?” ಸಂಜೆ ಟೈಲರ್ ಕೇಳಿದ.

“ಕಾಲು ನನ್ನ ಮಾತು ಕೇಳ್ತಿಲ್ಲಪ್ಪಾ.”

“ಸರಿ ಹೋಗುತ್ತೆ ಬಿಡು.”

“ಹೋಗದೇ ಇದ್ರೆ?”

“ನಾಳೆ ಮತ್ತೆ ಹೋಗು. ಓಡಬೇಡ, ನಡಿ. ನಾನೂ ಬರ್ತೀನಿ,” ಎಂದಳು ತಾಯಿ. ಮಗಳು ಮರುದಿನ ತಾಯಿಯ ಹಿಂದೆ ಮೈದಾನಕ್ಕೆ ಹೋದಳು. ಈಗಲೂ ಹೋಗುತ್ತಾಳೆ. ಹಳೆಯ ನಗು ಮಾತ್ರ ಇನ್ನೂ ಬಂದಿಲ್ಲ.

ಓದುತ್ತಿರುವ ತಂದೆ ತಾಯಂದಿರೇ, ಪರೀಕ್ಷೆಯ ಹೆಸರಿನಲ್ಲಿ ಮಕ್ಕಳ ಆಟದ ಪೀರಿಯಡ್ ಕಿತ್ತುಕೊಳ್ಳಬೇಡಿ. ಹದಿಹರೆಯದ ಮಕ್ಕಳು ದಿನಕ್ಕೆ ಒಂದು ಗಂಟೆಯಾದರೂ ಮೈ ಬೆವರುವಂತೆ ಆಡಲಿ. ನಿಮ್ಮ ಮಕ್ಕಳ ಶಾಲೆಯಲ್ಲಿ ಆಟ ನಿಂತಿದ್ದರೆ ಮುಂದಿನ ಪೋಷಕರ ಸಭೆಯಲ್ಲಿ ಎದ್ದು ಕೇಳಿ. ಮಗು ಇನ್ನೂ ನಿಮ್ಮೊಡನೆ ಮಾತಾಡುತ್ತಿರುವಾಗಲೇ ಕೇಳಿ.

ಮಗಳು ಓಡುವುದನ್ನು ನೋಡುವುದೆಂದರೆ ಆ ಟೈಲರ್‌ಗೆ ಬಹಳ ಇಷ್ಟವಿತ್ತು. ಅದನ್ನು ಅವನು ಅವಳಿಗೆ ಒಮ್ಮೆಯೂ ಹೇಳಲಿಲ್ಲ.