ಕಾಶೆವ್ವನ ಕೊರಳಲ್ಲಿ ನನ್ನ ಲಿಂಗ

ಕಾಶೆವ್ವನ ಜೊತೆ ನಾನು ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಅವಳು ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ. ಕೊಣ್ಣೂರಿನ ಮನೆಯಲ್ಲಿ ಒಂದೇ ಒಲೆಯ ಮುಂದೆ ಹದಿನಾರು ವರ್ಷ ರೊಟ್ಟಿ ಬಡಿದವರು ನಾವು. ಆಮೇಲೆ ಅಂಕಲಗಿಯ ಹೊಲ ನೋಡಿಕೊಳ್ಳಲು ನಾನೂ ನನ್ನ ಗಂಡನೂ ಅಲ್ಲಿಗೆ ಹೋದೆವು. ಆಗಲೂ ಎಲ್ಲ ಚೆನ್ನಾಗಿಯೇ ಇತ್ತು. ಕೆಟ್ಟದ್ದು ನಮ್ಮತ್ತೆ ಮುದಕವ್ವ ತೀರಿಕೊಂಡಾಗ.

ಆ ವರ್ಷ ಹಿಡಿದ ಮಳೆ ಬಿಟ್ಟಿರಲಿಲ್ಲ, ಎರಡು ಊರಿನ ನಡುವಿನ ಹೊಳೆ ದಂಡೆ ಮೀರಿತ್ತು. ನೀರು ಇಳಿದು, ಸುದ್ದಿ ಮುಟ್ಟಿ, ನಾನು ಕೊಣ್ಣೂರು ತಲುಪಿದ್ದು ಮೂರನೆಯ ದಿನ ಬೆಳಿಗ್ಗೆ. ಹಿಂದಿನ ಸಂಜೆಯೇ ಅತ್ತೆಯನ್ನು ಮಣ್ಣು ಮಾಡಿ ಮುಗಿಸಿದ್ದರು. ಇನ್ನೊಂದು ರಾತ್ರಿ ಕಾದಿದ್ದರೆ ಅವರ ಮುಖ ನೋಡುತ್ತಿದ್ದೆ. ಹೆತ್ತ ತಾಯಿಗಿಂತ ಹೆಚ್ಚಾಗಿ ನನ್ನನ್ನು ಸಾಕಿದ ಅತ್ತೆ! ಪರ ಊರಿನ ಮಂದಿ ತುಂಬಿದ್ದ ಅಂಗಳದಲ್ಲಿ ನಿಂತು ಕಾಶೆವ್ವನಿಗೆ ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ತಲೆ ತಗ್ಗಿಸಿ ನಿಂತಳೇ ಹೊರತು ಒಂದು ಮಾತು ತಿರುಗಿ ಆಡಲಿಲ್ಲ. ತಪ್ಪು ಮಾಡಿದವಳಿಗೆ ಬಾಯಿ ಎಲ್ಲಿಂದ ಬರಬೇಕು ಎಂದುಕೊಂಡು ಹೊರಟು ಬಂದೆ. ಅಷ್ಟೇ, ಆ ಮನೆಯ ಹೊಸ್ತಿಲು ಮತ್ತೆ ತುಳಿಯಲಿಲ್ಲ.

ಕೇದಾರ ನೋಡಬೇಕು ಎಂಬುದು ಅತ್ತೆಯ ಆಸೆಯಾಗಿತ್ತು, ಆಗಲಿಲ್ಲ. ಮುಖವನ್ನಂತೂ ನೋಡಲಿಲ್ಲ, ಅವರ ಹೆಸರಿನಲ್ಲಿ ಆ ಗುಡ್ಡವನ್ನಾದರೂ ನನ್ನ ಕಾಲಿನಿಂದಲೇ ಹತ್ತಿ ಪೂಜೆ ಮಾಡಿಸುತ್ತೇನೆ ಎಂದು ಹರಕೆ ಹೊತ್ತೆ. ೧೯೫೭ರ ಬೇಸಿಗೆಯಲ್ಲಿ ಹುಕ್ಕೇರಿಯ ಶಿದ್ಲಿಂಗಪ್ಪ ಹದಿನಾಲ್ಕು ಮಂದಿಯನ್ನು ಕೇದಾರಕ್ಕೆ ಕರೆದುಕೊಂಡು ಹೋಗುತ್ತಾನೆಂದು ಗೊತ್ತಾಗಿ ಉದ್ದವ್ವ ಎಂದು ನನ್ನ ಹೆಸರು ಬರೆಸಿದೆ. ಮೂರು ಸಲ ಹೋಗಿ ಬಂದ ಮನುಷ್ಯ ಆತ, ದಾರಿಯ ಕಲ್ಲು ಕಲ್ಲೂ ಬಲ್ಲವನು. ಗೋಕಾಕ ರೋಡ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ನೋಡುತ್ತೇನೆ, ಗಂಟನ್ನು ಬಗಲಲ್ಲಿಟ್ಟುಕೊಂಡು ಕಾಶೆವ್ವ ಕೂತಿದ್ದಾಳೆ! ಮೈಯೆಲ್ಲ ಉರಿದುಹೋಯಿತು. ಇಳಿದುಬಿಡಲೇ ಅನ್ನಿಸಿತು. ಇವಳ ಸಲುವಾಗಿ ನನ್ನ ಹರಕೆ ನಾನ್ಯಾಕೆ ಬಿಡಲಿ ಎಂದು ಡಬ್ಬಿಯ ಆ ತುದಿಗೆ ಹೋಗಿ ಕೂತೆ.

ರೈಲಾಯಿತು, ಬಸ್ಸಾಯಿತು, ಆಮೇಲೆ ನಡಿಗೆ. ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವಳಿಗೆ ಮೊಣಕಾಲು ಬೇನೆ. ಎರಡನೆಯ ದಿನಕ್ಕೇ ಅವಳು ಕಂಡಿ ಹತ್ತಿದಳು. ಕಂಡಿ ಎಂದರೆ ಆ ಸೀಮೆಯವರು ಬೆನ್ನಿಗೆ ಕಟ್ಟಿಕೊಳ್ಳುವ ಉದ್ದನೆಯ ಬುಟ್ಟಿ, ಅದರಲ್ಲಿ ಮಂದಿಯನ್ನು ಹಿಂದೆ ಮುಖ ಮಾಡಿ ಕೂರಿಸಿಕೊಂಡು ಬೆಟ್ಟ ಹತ್ತುತ್ತಾರೆ. ನಾನು ಮಾತ್ರ ಕೋಲು ಊರುತ್ತ ನಡೆದೇ ನಡೆದೆ. ಬುಟ್ಟಿಯಲ್ಲಿ ಹೋದರೆ ಅದೆಂಥ ಯಾತ್ರೆ ಎಂದು ಅವಳಿಗೆ ಕೇಳಿಸುವಂತೆ ಒಂದೆರಡು ಸಲ ಅಂದದ್ದೂ ಉಂಟು.

ಗೌರಿಕುಂಡ ಕೊನೆಯ ಮಜಲು. ಅಲ್ಲಿಂದ ಗುಡಿಯವರೆಗೆ ಒಂಬತ್ತು ಮೈಲು, ಎಲ್ಲ ಏರು. ಬೆಳಿಗ್ಗೆ ಬಿಸಿನೀರಿನ ಕುಂಡದಲ್ಲಿ ಮಿಂದು, ಹೊಗೆ ತುಂಬಿದ ಛತ್ರದ ಒಳಗೆ ಎಲ್ಲರೂ ಸಾಲಾಗಿ ಲಿಂಗಪೂಜೆಗೆ ಕೂತೆವು. ಇದ್ದ ಜಾಗ ಅಷ್ಟೇ, ನನ್ನ ಬಾಜೂ ಬಂದು ಕೂತವಳು ಕಾಶೆವ್ವ. ನಾನು ಗೋಡೆಯ ಕಡೆ ತಿರುಗಿದೆ, ಅವಳು ಬಾಗಿಲ ಕಡೆ. ಪೂಜೆ ಮುಗಿಸಿ, ಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು, ಕೊರಳಿಗೆ ಹಾಕಿಕೊಳ್ಳಬೇಕು ಅನ್ನುವಷ್ಟರಲ್ಲಿ ಶಿದ್ಲಿಂಗಪ್ಪ ಕೂಗಿದ: "ಮೋಡ ಇಳ್ಯಾಕತ್ತಾವ, ಲಗೂನ ಏಳ್ರಿ!" ಕಂಬಳಿಯ ಅಂಗಿ ತೊಡುವ ಗಡಿಬಿಡಿಯಲ್ಲಿ ಕರಡಿಗೆಯನ್ನು ನಮ್ಮಿಬ್ಬರ ನಡುವಿನ ಹಲಗೆಯ ಮೇಲಿಟ್ಟೆ. ಅವಳೂ ಹಾಗೇ ಮಾಡಿದ್ದಳೆಂದು ಕಾಣುತ್ತದೆ. ಎರಡೂ ಕರಡಿಗೆ ನಮ್ಮತ್ತೆ ಗೋಕಾಕದ ಒಬ್ಬನೇ ಪತ್ತಾರನ ಕೈಯಲ್ಲಿ ಮಾಡಿಸಿ ಇಬ್ಬರು ಸೊಸೆಯರಿಗೆ ಹಾಕಿದ್ದವು. ಎರಡಕ್ಕೂ ಹರಿದ್ವಾರದಲ್ಲಿ ಕೊಂಡ ಹೊಸ ಕರಿ ದಾರ. ಹಲಗೆಯತ್ತ ಒಮ್ಮೆ ನೋಡಿದ್ದರೆ ಸಾಕಿತ್ತು. ನೋಡಿದರೆ ಎಲ್ಲಿ ಅವಳ ಮುಖ ಕಂಡೀತೋ ಎಂದು ಗೋಡೆ ನೋಡುತ್ತಲೇ ಕೈ ಚಾಚಿ ಸಿಕ್ಕಿದ್ದನ್ನು ಕೊರಳಿಗೆ ಹಾಕಿಕೊಂಡೆ.

ಕಾಶೆವ್ವನ ಕಂಡಿ ಎಲ್ಲರಿಗಿಂತ ಮುಂದೆ ಹೋಯಿತು. ಎರಡು ಮೈಲು ಹತ್ತಿ ಒಂದು ಅಂಗಡಿಯ ಮುಂದೆ ನಾವು ಉಳಿದವರು ಕೂತೆವು. ಬಾಯಿಗೆ ಏನೇ ಹಾಕುವ ಮುಂಚೆಯೂ ಲಿಂಗಕ್ಕೆ ತೋರಿಸುವವಳು ನಾನು. ಕರಡಿಗೆ ಬಿಚ್ಚಿದೆ. ನನ್ನದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿರುತ್ತೇನೆ, ಇದು ಹಳದಿ. ಅಯ್ಯ ಶಿವನೇ! ಬಟ್ಟೆ ಬಿಡಿಸಿ ಅಂಗೈಯಲ್ಲಿಟ್ಟರೆ ಭಾರವೇ ಬೇರೆ. ಐವತ್ತೆರಡು ವರ್ಷ ದಿನವೂ ಕೈಯಲ್ಲಿ ಹಿಡಿದದ್ದು, ಕಣ್ಣು ಕಟ್ಟಿದರೂ ನನ್ನದು ನನಗೆ ಗೊತ್ತು. ನಾನು ಹುಟ್ಟಿದಾಗ ಗುರುಗಳು ಕಟ್ಟಿದ, ನಾನು ಸತ್ತಾಗ ನನ್ನ ಕೈಯಲ್ಲೇ ಮಣ್ಣಿಗೆ ಹೋಗಬೇಕಾದ ಲಿಂಗ ಆ ಹೆಂಗಸಿನ ಎದೆಯ ಮೇಲೆ ಕೂತು ಬೆಟ್ಟ ಹತ್ತುತ್ತಿತ್ತು.

ಹಿಡಿದಿದ್ದ ನೀರಿನ ತಂಬಿಗೆಯನ್ನು ಕೆಳಗಿಟ್ಟೆ. ತನ್ನ ಲಿಂಗ ಮೈಮೇಲಿಲ್ಲದಾಗ ಅನ್ನ ನೀರು ಮುಟ್ಟಬಾರದು ಎಂಬುದು ನಮ್ಮತ್ತೆ ನನಗೆ ಕಲಿಸಿದ ಮೊದಲ ಪಾಠ.

ಶಿದ್ಲಿಂಗಪ್ಪ ಓಡಿ ಬಂದ. "ಯವ್ವಾ, ಆಕಿ ಮುಂದ ಹೋಗ್ಯಾಳ. ಸಂಜಿಕ್ಕ ಗುಡಿ ಹತ್ರ ಸಿಗತಾಳ, ಆಗ ಬದಲಿ ಮಾಡಿಕೋರಿ. ಈಗ ನೀರ ಕುಡೀರಿ."

"ಹೆಂಗ ಕುಡೀಲ್ರಿ? ಕೊಳ್ಳಾಗಿಂದು ನಂದಲ್ಲ."

"ಮ್ಯಾಲ ಉಸರ ಸಾಲೂದಿಲ್ರಿ. ಹೋದ ವರ್ಷ ಒಬ್ಬ ಮುದುಕ ಉಪಾಸದ ಹಟಾ ಹಿಡದು ಇದ ದಾರ್ಯಾಗ ಕುಂತಾಂವ ಮತ್ತ ಏಳಲಿಲ್ಲ. ಇಂಥಾ ಕಡೆ ಗುರುಗಳು ಮಾಫಿ ಮಾಡತಾರ."

"ಗುರುಗಳು ಮಾಡತಾರ, ಖರೆ. ನಾ ಮಾಡೂದಿಲ್ಲ," ಎಂದು ಕೋಲು ಹಿಡಿದು ಎದ್ದೆ.

ಅವನು ಹಣೆ ಹಣೆ ಬಡಿದುಕೊಂಡ. ಸಿಟ್ಟು ಬಹಳ ಕಸುವು ಕೊಡುತ್ತದೆ. ಮೊದಲ ಎರಡು ಮೈಲು ಕಾಶೆವ್ವನನ್ನು ಬೈಯುತ್ತಲೇ ಹತ್ತಿದೆ. ಬುಟ್ಟಿಯಲ್ಲಿ ಮಹಾರಾಣಿಯಂತೆ ಕೂತಿದ್ದಾಳೆ, ನನ್ನ ಲಿಂಗ ಕಟ್ಟಿಕೊಂಡು ಚಾ ಮೇಲೆ ಚಾ ಹೀರುತ್ತಿರುತ್ತಾಳೆ, ಬದಲಾದದ್ದು ಗೊತ್ತಾದರೂ ಬಾಯಿ ಬಿಡುವವಳಲ್ಲ, ಅತ್ತೆಯನ್ನು ಕಾಯದವಳು ನನ್ನನ್ನು ಕಾಯುತ್ತಾಳೆಯೇ? ಆಮೇಲೆ ಬೈಯಲು ಉಸಿರು ಸಾಲಲಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿತು. ಎಲ್ಲಿ ನೋಡಿದರೂ ನೀರೇ! ಬಲಕ್ಕೆ ಮಂದಾಕಿನಿ ಭೋರ್ಗರೆಯುತ್ತಿದೆ, ಎಡಕ್ಕೆ ಬಂಡೆಯಿಂದ ಬಂಡೆಗೆ ಝರಿ, ತಲೆಯ ಮೇಲೆ ಸಣ್ಣಗೆ ಮಳೆ. ಒಂದು ಹನಿ ತುಟಿಗೆ ಬಿದ್ದರೆ ಸೆರಗಿನಿಂದ ಒರೆಸಿಕೊಂಡೆ. ಶಿದ್ಲಿಂಗಪ್ಪ ಹಿಂದೆಯೇ ತಂಬಿಗೆ ಹಿಡಿದುಕೊಂಡು ಬರುತ್ತಿದ್ದ, ಪಾಪ. ಇಪ್ಪತ್ತು ಹೆಜ್ಜೆಗೊಮ್ಮೆ ನಿಂತೆ, ಆಮೇಲೆ ಹತ್ತು ಹೆಜ್ಜೆಗೊಮ್ಮೆ. ಒಂದು ತಿರುವಿನಲ್ಲಿ ಕಣ್ಣು ಕತ್ತಲೆ ಬಂದು ಕಲ್ಲಿನ ಮೇಲೆ ಕುಸಿದೆ. ಕೂತರೆ ಏಳುವುದಿಲ್ಲ ಎಂಬ ಮಾತು ನೆನಪಾಗಿ ಹೆದರಿಕೆಯಾಯಿತು. ನಿಜ ಹೇಳುತ್ತೇನೆ, ಸಾಯುವ ಹೆದರಿಕೆ. ನನ್ನ ಲಿಂಗ ಕೈಯಲ್ಲಿಲ್ಲದೆ ಸಾಯುವ ಹೆದರಿಕೆ. ಕೋಲಿಗೆ ಜೋತು ಬಿದ್ದು ಎದ್ದೆ.

ಆ ತಿರುವು ದಾಟಿದ ಮೇಲೆ ಮೇಲಿನಿಂದ ಯಾರೋ ಕೂಗಾಡುವುದು ಕೇಳಿಸಿತು. ಕಂಡಿ ಹೊರುವವನು ಖಾಲಿ ಬುಟ್ಟಿ ಬೆನ್ನಿಗೆ ಹಾಕಿಕೊಂಡು ಕೈ ಬೀಸಿ ಏನೇನೋ ಬೈಯುತ್ತಿದ್ದ. ಅವನ ಮುಂದೆ ಕಲ್ಲಿನ ದಾರಿಯ ಮೇಲೆ ಒಬ್ಬ ಹೆಂಗಸು ಕೂತುಕೊಂಡೇ ಇಳಿಯುತ್ತಿದ್ದಳು. ಎರಡು ಕೈ ಊರುವುದು, ಮೈ ಎಳೆಯುವುದು, ಮತ್ತೆ ಕೈ ಊರುವುದು. ಸೀರೆಯೆಲ್ಲ ಕೆಸರು, ಅಂಗೈಯಲ್ಲಿ ರಕ್ತ.

ಕಾಶೆವ್ವ.

ಲಿಂಗ ಬದಲಾದದ್ದು ಅವಳಿಗೂ ದಾರಿಯಲ್ಲೇ ಗೊತ್ತಾಗಿತ್ತು. ತಿರುಗಿ ಹೋಗೋಣ ಎಂದರೆ, ಕೆಳಗಿಳಿಸಿ ಮತ್ತೆ ಹೊತ್ತು ಹತ್ತುವ ಕಸುವು ತನಗಿಲ್ಲ ಎಂದು ಹೊರುವವನು ಕೈಯಾಡಿಸಿದನಂತೆ. ಹಾಗಾದರೆ ಇಲ್ಲೇ ಇಳಿಸು ಎಂದು ಇಳಿದುಬಿಟ್ಟಿದ್ದಳು. ನಿಂತು ಇಳಿಯಲು ಮೊಣಕಾಲು ತಡೆಯಲಿಲ್ಲ, ಕೂತೇ ಇಳಿದಿದ್ದಳು, ಒಂದು ಮೈಲಿಗೂ ಹೆಚ್ಚು.

ಅವಳ ಮುಂದೆ ಹೋಗಿ ನಿಂತೆ. ತುಟಿಗಳು ಬಿಳಿಚಿ ಒಡೆದಿದ್ದವು.

"ನೀರ ಕುಡದಿಯೇನ?" ಎಂದಳು. ಹನ್ನೊಂದು ವರ್ಷದ ಮೇಲೆ ಮೊದಲ ಮಾತು.

"ಇಲ್ಲ. ನೀ?"

"ಹುಚ್ಚೀ, ನಿನ್ನ ಲಿಂಗ ಕಟಗೊಂಡು ನಾ ಹೆಂಗ ಕುಡೀಲಿ?"

ರಕ್ತದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಕರಡಿಗೆಯನ್ನು ಕಣ್ಣಿಗೊತ್ತಿ ನನ್ನ ಅಂಗೈಯಲ್ಲಿಟ್ಟಳು. ಅವಳದ್ದನ್ನು ನಾನು ಅವಳ ಅಂಗೈಯಲ್ಲಿಟ್ಟೆ. ಝರಿಯ ಪಕ್ಕದ ಬಂಡೆಯ ಮೇಲೆ ಎದುರುಬದುರು ಕೂತು ಪೂಜೆ ಮಾಡಿದೆವು, ಶಿದ್ಲಿಂಗಪ್ಪ ಇಬ್ಬರಿಗೂ ನೀರು ಹಾಕಿದ. ಆಮೇಲೆ ಬೊಗಸೆ ಬೊಗಸೆ ಕುಡಿದೆವು. ಗಂಟಲು ಒದ್ದೆಯಾದದ್ದೇ ತಡ, ನನ್ನ ಸಿಟ್ಟಿಗೂ ಜೀವ ಬಂತು.

"ಒಂದ ಲಿಂಗದ ಸಲುವಾಗಿ ಇಷ್ಟ ದೂರ ತೆವಳಿಕೋತ ಬಂದಾಕಿ, ಅವತ್ತ ನನ್ನ ಸಲುವಾಗಿ ಒಂದ ರಾತ್ರಿ ಯಾಕ ಕಾಯಲಿಲ್ಲ?"

ಶಿದ್ಲಿಂಗಪ್ಪ ತಂಬಿಗೆ ತೊಳೆಯುವ ನೆವ ಮಾಡಿ ಆಚೆ ಹೋದ. ಕಾಶೆವ್ವ ಮೊಣಕಾಲು ನೀವಿಕೊಳ್ಳುತ್ತ ಕೂತಳು.

"ಕಾದ್ನಿ. ಒಂದ ರಾತ್ರಿ, ಒಂದ ಹಗಲ ಕಾದ್ನಿ. ಎರಡ ಸರತಿ ಆಳ ಕಳಿಸಿದ್ನಿ, ಹೊಳಿ ದಂಡ್ಯಾಗಿಂದ ತಿರುಗಿ ಬಂದ್ರು. ಉದ್ದವ್ವ ಬರೂತನಕ ಎತ್ತಗೊಡೂದಿಲ್ಲ ಅಂತ ಬಾಗಲದಾಗ ಕುಂತ್ನಿ." ಸೆರಗಿನ ತುದಿಯನ್ನು ಅಂಗೈಯ ಗಾಯಕ್ಕೆ ಸುತ್ತಿಕೊಂಡಳು. "ಎರಡನೇ ದಿನಾ ಮಧ್ಯಾಹ್ನ ವಾಸನಿ ಬರಾಕತ್ತಿತು. ಊದಿನಕಡ್ಡಿ ಹಚ್ಚಿದ್ನಿ, ವಿಭೂತಿ ಬಳದ್ನಿ, ನಿಲ್ಲಲಿಲ್ಲ. ಹೊರಾಕ ಬಂದ ನಾಕ ಮಂದಿ ಮೂಗ ಮುಚ್ಚಿಕೊಂಡ್ರು. ಆವಾಗ ಹೂಂ ಅಂದ್ನಿ."

"ಅವತ್ತ ಯಾಕ ಹೇಳಲಿಲ್ಲ? ಅಷ್ಟ ಬೈದ್ನಲ್ಲ ನಾ!"

"ಪರ ಊರ ಮಂದಿ ಕುಂತಿದ್ರು. ದಿನಾ ಎರಡ ಸರತಿ ಮೈ ತೊಳಕೊಂಡು ಒಗದ ಸೀರಿ ಉಟ್ಟಾಕಿ ಅತ್ತಿ. ಆಕಿ ನಾರಿದ್ಲು ಅಂತ ಅವರ ಮುಂದ ನಾ ಹೇಳಲೇನ? ಆ ನಾಕ ಮಂದಿ ಕಡೆಯಿಂದನೂ ಆಣಿ ಹಾಕಿಸಿಕೊಂಡ್ನಿ. ನೀ ಬೈದ್ರ ಬೈಗಳ ನನಗ ಹತ್ತತಾವ. ಆ ಮಾತ ಆಕಿಗೆ ಹತ್ತತಿತ್ತ."

ನನಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಹನ್ನೊಂದು ವರ್ಷ ಊರ ತುಂಬ ಇವಳ ಹೆಸರು ಕೆಡಿಸುತ್ತ ತಿರುಗಿದೆ. ಸಂತೆಯಲ್ಲಿ, ಮದುವೆಯಲ್ಲಿ, ಬಾವಿಯ ಕಟ್ಟೆಯಲ್ಲಿ ಎಲ್ಲ ಕಡೆ. ತಪ್ಪಾಯಿತು ಎನ್ನಲು ಬಾಯಿ ತೆರೆದೆ, ನನ್ನ ಹಾಳು ಬಾಯಿ, ಬೇಕಾದಾಗ ಬರಲಿಲ್ಲ. ಎದ್ದು ಅವಳ ರಟ್ಟೆಗೆ ಕೈ ಹಾಕಿದೆ.

"ಏಳು, ಅಕ್ಕಾ. ಗುಡಿ ಇನ್ನೂ ನಾಕ ಮೈಲ ಐತಿ."

"ನನ್ನಿಂದ ಆಗೂದಿಲ್ಲ. ನೀ ಹೋಗಿ ಅತ್ತಿ ಹೆಸರಲೆ ಪೂಜಿ ಮಾಡಿಸಿ ಬಾ. ನಾನೂ ಅದಕ್ಕ ಬಂದಿದ್ನಿ. ನೀ ಮಾಡಿಸಿದ್ರ ಸಾಕು."

"ಸಾಕ ಹೆಂಗಾದೀತು? ಇಬ್ಬರು ಸೊಸೆಂದಿರಿಲ್ಲೇನ ಆಕಿಗೆ? ಬುಟ್ಟ್ಯಾಗ ಕೂಡು. ಅಂವಾ ಒಲ್ಲೆ ಅಂದ್ರ ನಾ ಹೊರತೇನಿ."

ಅವನು ಒಲ್ಲೆ ಅನ್ನಲಿಲ್ಲ, ಖಾಲಿ ಬುಟ್ಟಿಯಲ್ಲೇ ಇಳಿದಿದ್ದರಿಂದ ಹತ್ತುವುದಕ್ಕೆ ಅವನದೇನೂ ತಕರಾರಿರಲಿಲ್ಲ. ಕಾಶೆವ್ವನನ್ನು ಎತ್ತಿ ಬುಟ್ಟಿಯಲ್ಲಿ ಕೂರಿಸಿದೆವು. ಅವನು ಮುಂದೆ ಮುಂದೆ, ನಾನು ಬುಟ್ಟಿಯ ಹಿಂದೆ ಹಿಂದೆ. ಹಿಂದೆ ಮುಖ ಮಾಡಿ ಕೂತ ಕಾಶೆವ್ವನ ಮುಖ ನನ್ನ ಮುಖಕ್ಕೆ ಮೊಳ ದೂರ. ಕಾಲು ಸೋತಾಗೆಲ್ಲ ಅವಳು "ಇನ್ನ ನಾಕ ಹೆಜ್ಜಿ, ಇನ್ನ ನಾಕ ಹೆಜ್ಜಿ," ಎನ್ನುತ್ತಿದ್ದಳು, ನಾನು ಇಡುತ್ತಿದ್ದೆ.

ಕೊನೆಯ ಏರಿನಲ್ಲಿ ಕೇಳಿದೆ. ಕೇಳದೆ ಇರಲಾಗಲಿಲ್ಲ. "ಅಕ್ಕಾ, ಕಡೀಕ ಅತ್ತಿ ಮಾರಿ ಹೆಂಗಿತ್ತ?"

"ನಿದ್ದಿ ಹತ್ತಿದ್ಹಂಗ ಇತ್ತು."

"ಖರೆ ಹೇಳು."

"ಒಂದ ಕಣ್ಣ ಪೂರಾ ಮುಚ್ಚಿರಲಿಲ್ಲ," ಎಂದಳು. "ಬಾಗಲಾ ನೋಡಿದ್ಹಂಗ ಇತ್ತು. ನಾನ ಕೈಯಿಂದ ಸವರಿ ಮುಚ್ಚಿದ್ನಿ. ಮಣ್ಣ ಹಾಕೂ ಮುಂದ ಎರಡ ಬೊಗಸಿ ಹಾಕಿದ್ನಿ, ಉದ್ದವ್ವಾ. ಒಂದ ನಂದು. ಇನ್ನೊಂದ ಹಾಕೂವಾಗ, ಅತ್ತೀ, ಇದು ನಿನ್ನ ಸಣ್ಣ ಸೊಸಿದು, ಹೊಳಿ ಬಿಡಲಿಲ್ಲ ಆಕೀನ, ಸಿಟ್ಟಾಗಬ್ಯಾಡ ಅಂತ ಹೇಳಿ ಹಾಕಿದ್ನಿ."

ಮೇಲಿನಿಂದ ಶಿದ್ಲಿಂಗಪ್ಪ ಗುಡಿ ಕಂಡಿತು, ಗುಡಿ ಕಂಡಿತು ಎಂದು ಕೂಗುತ್ತಿದ್ದ. ನನಗೆ ಗುಡಿಯೂ ಕಾಣಲಿಲ್ಲ, ಹಿಮವೂ ಕಾಣಲಿಲ್ಲ. ಬುಟ್ಟಿಯ ಅಂಚನ್ನು ಎರಡು ಕೈಯಿಂದ ಹಿಡಿದುಕೊಂಡು, ದೊಡ್ಡ ದನಿ ತೆಗೆದು ಅಳುತ್ತ ಹತ್ತಿದೆ.